ರಸೀದಿಯಿಲ್ಲದ ಬಿರುದುಗಳು

2006ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ಪೊಲೀಸರು ಮುಖ್ಯೋಪಾಧ್ಯಾಯರೊಬ್ಬರನ್ನು ಬಂಧಿಸಿದರು. ಆಗ ನಾನಿನ್ನೂ ಸೇವೆಯಲ್ಲಿದ್ದೆ. ವಿದೇಶೀ ಸುದ್ದಿಗಳ ಪುಟದಲ್ಲಿ ನನ್ನ ಕಣ್ಣು ನಿಂತದ್ದು 'ಮುಖ್ಯೋಪಾಧ್ಯಾಯ' ಎಂಬ ಆ ಒಂದು ಪದದ ಮೇಲೆ. ಪ್ರಶ್ನೆಪತ್ರಿಕೆ ಬಯಲು ಮಾಡಿದರೆ? ಶಾಲೆಯ ಹಣ ನುಂಗಿದರೆ? ಎರಡೂ ಅಲ್ಲ. ಆಗಿನ ಲೇಬರ್ ಪಕ್ಷದ ಸರ್ಕಾರ ಹಿಂದುಳಿದ ಬಡಾವಣೆಗಳಲ್ಲಿ 'ಅಕಾಡೆಮಿ' ಎಂಬ ಹೊಸ ಬಗೆಯ ಶಾಲೆಗಳನ್ನು ತೆರೆಯುತ್ತಿತ್ತು. ಒಂದೊಂದು ಶಾಲೆಗೂ ಒಬ್ಬ ಖಾಸಗಿ ದಾನಿ ಸುಮಾರು 20 ಲಕ್ಷ ಪೌಂಡು ಕೊಡಬೇಕು. ಉಳಿದ ವೆಚ್ಚ ಸರ್ಕಾರದ್ದು. ಅಂಥ ಶಾಲೆಗಳಿಗೆ ದಾನಿಗಳನ್ನು ಹುಡುಕಲು ನೆರವಾಗುತ್ತಿದ್ದ ಸಂಸ್ಥೆಯ ಮಂಡಳಿಯಲ್ಲಿ ಈ ಮುಖ್ಯೋಪಾಧ್ಯಾಯರಿದ್ದರು. ಶ್ರೀಮಂತನೊಬ್ಬನ ಕಡೆಯವರೆಂದು ಹೇಳಿಕೊಂಡು, ಗುರುತು ಮರೆಸಿ ಬಂದ ಪತ್ರಿಕಾ ವರದಿಗಾರರ ಮುಂದೆ ಅವರು ಮನಸ್ಸು ಬಿಚ್ಚಿ ಮಾತನಾಡಿದರು. ಒಂದೆರಡು ಶಾಲೆಗೆ ಹಣ ಕೊಟ್ಟರೆ ಬಿರುದು ಬರಬಹುದು, ಐದು ಶಾಲೆಗಳಾದರೆ ಲಾರ್ಡ್ ಪದವಿ ಖಚಿತ ಎಂಬುದು ಆ ಮಾತಿನ ಸಾರ. ಜನವರಿಯಲ್ಲಿ ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಅವರು ಮಂಡಳಿಗೆ ರಾಜೀನಾಮೆ ಕೊಟ್ಟರು. ಏಪ್ರಿಲ್‌ನಲ್ಲಿ ಪೊಲೀಸರು ಬಂದರು. ಮುಂದೆ ಸಾಕ್ಷ್ಯ ಸಾಲದೆಂದು ಅವರ ಮೇಲೆ ಮೊಕದ್ದಮೆಯನ್ನೇ ಹೂಡಲಿಲ್ಲ.

ಆ ಮನುಷ್ಯ ಮಾಡಿದ ಅಪರಾಧವಾದರೂ ಏನು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಎಲ್ಲರೂ ಬಲ್ಲ, ಆದರೆ ಯಾರೂ ಆಡದ ಮಾತನ್ನು ಆತ ಬಾಯಿಬಿಟ್ಟು ಆಡಿದ, ಅಷ್ಟೇ. 'ಬಾಯಿ ಬಿಟ್ಟರೆ ಬಣ್ಣಗೇಡು' ಎಂಬ ನಮ್ಮ ಗಾದೆಯನ್ನು ಬಲ್ಲ ದೊಡ್ಡವರು ಮಾತ್ರ ಬಾಯಿ ಬಿಡಲಿಲ್ಲ.

ದೊಡ್ಡವರ ಕಥೆ ಅದೇ ವರ್ಷದ ಮಾರ್ಚ್ ತಿಂಗಳಿನದು. ಬ್ರಿಟನ್ನಿನಲ್ಲಿ 2000ದಲ್ಲಿ ಒಂದು ಕಾಯಿದೆ ಬಂದಿತ್ತು. ರಾಷ್ಟ್ರಮಟ್ಟದಲ್ಲಿ ಪಕ್ಷಕ್ಕೆ 5,000 ಪೌಂಡಿಗಿಂತ ಹೆಚ್ಚು ದೇಣಿಗೆ ಕೊಟ್ಟವರ ಹೆಸರನ್ನು ಬಹಿರಂಗಪಡಿಸಬೇಕೆಂದು ಅದು ವಿಧಿಸಿತ್ತು. ಒಳ್ಳೆಯ ಕಾಯಿದೆ. ಆದರೆ ವಾಣಿಜ್ಯ ದರದ ಬಡ್ಡಿಗೆ ತಂದ ಸಾಲವನ್ನು ತೋರಿಸಬೇಕಾಗಿರಲಿಲ್ಲ. 2005ರ ಚುನಾವಣೆಗೆ ಮುನ್ನ ಲೇಬರ್ ಪಕ್ಷ ಹನ್ನೆರಡು ಮಂದಿ ಶ್ರೀಮಂತರಿಂದ ಸುಮಾರು ಒಂದು ಕೋಟಿ ನಲವತ್ತು ಲಕ್ಷ ಪೌಂಡು 'ಕೈಗಡ' ತಂದಿತು. ಪಕ್ಷದ ಖಜಾಂಚಿಗೇ ಇದು ತಿಳಿದಿರಲಿಲ್ಲವಂತೆ; ಹಾಗೆಂದು ಅವರೇ ಬಹಿರಂಗವಾಗಿ ಹೇಳಿದರು. ಮನೆಯ ಯಜಮಾನ ಊರೆಲ್ಲ ಸಾಲ ಎತ್ತಿ, ಲೆಕ್ಕ ಬರೆಯುವ ಹಿರಿಯ ಮಗನಿಗೆ ಹೇಳದಿದ್ದಂತಾಯಿತು. ಹೀಗೆ ಸಾಲ ಕೊಟ್ಟವರಲ್ಲಿ ನಾಲ್ವರ ಹೆಸರು ಲಾರ್ಡ್ ಪದವಿಯ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಇಂಥ ಹೆಸರುಗಳನ್ನು ಜರಡಿ ಹಿಡಿಯಲೆಂದೇ ಇದ್ದ ಲಾರ್ಡ್ಸ್ ನೇಮಕಾತಿ ಆಯೋಗ ಆ ನಾಲ್ಕನ್ನೂ ತಡೆಯಿತು, ಗುಟ್ಟು ಹೊರಬಿತ್ತು.

ಆ ನಾಲ್ವರಲ್ಲಿ ಒಬ್ಬರು ನಮ್ಮ ಮುಂಬಯಿಯವರು. ಗುಲಾಂ ನೂನ್. ಮಿಠಾಯಿ ಅಂಗಡಿ ನಡೆಸುತ್ತಿದ್ದ ಕುಟುಂಬದಲ್ಲಿ ಹುಟ್ಟಿ, ಬ್ರಿಟನ್ನಿಗೆ ಹೋಗಿ, ಸಿದ್ಧಪಡಿಸಿದ ಭಾರತೀಯ ಅಡುಗೆಯನ್ನು ಅಲ್ಲಿನ ದೊಡ್ಡ ಅಂಗಡಿಗಳಿಗೆ ಒದಗಿಸಿ ಕೋಟ್ಯಧಿಪತಿಯಾದವರು. ಇಂಗ್ಲಿಷರ ಮನೆಮನೆಗೆ ಮಸಾಲೆಯ ರುಚಿ ಹತ್ತಿಸಿದವರು. ಅದಾಗಲೇ 2002ರಲ್ಲಿ 'ಸರ್' ಬಿರುದು ಬಂದಿತ್ತು. ಅವರು ಕೊಟ್ಟಿದ್ದ ಸಾಲ ಎರಡೂವರೆ ಲಕ್ಷ ಪೌಂಡು. ಅಂಥ ವ್ಯಕ್ತಿಗೆ ತಾನಾಗಿಯೇ ಗೌರವ ಸಲ್ಲಬಾರದೆ? ಸಲ್ಲಬಹುದಿತ್ತು. 2011ರಲ್ಲಿ ಅವರು ಲಾರ್ಡ್ ಆದರೂ ಆದರು, 2015ರಲ್ಲಿ ತೀರಿಕೊಂಡರು. ಆದರೆ ಆ ಸಾಲದ ಕಾಗದವೊಂದು ನಡುವೆ ಬಂದುದರಿಂದ ಅವರ ಬದುಕಿನ ದುಡಿಮೆಗೆ ಸಂದ ಗೌರವ ಯಾವುದು, ಹಣಕ್ಕೆ ಸಂದದ್ದು ಯಾವುದು ಎಂದು ಬೇರ್ಪಡಿಸಿ ಹೇಳಲು ಯಾರಿಗೂ ಆಗದಂತಾಯಿತು. ಈ ವ್ಯವಹಾರದಲ್ಲಿ ಮೊದಲು ನಷ್ಟವಾಗುವುದು ಅರ್ಹನಿಗೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಸ್ಕಾಟ್ಲೆಂಡಿನ ಒಬ್ಬ ಸಂಸದರು ಪೊಲೀಸರಿಗೆ ದೂರು ಕೊಟ್ಟರು. ಪಕ್ಷಕ್ಕೆ ಹಣ ಕೂಡಿಸುತ್ತಿದ್ದ ಲಾರ್ಡ್ ಲೆವಿ ಅವರ ಬಂಧನವಾಯಿತು. 136 ಮಂದಿಯ ವಿಚಾರಣೆ ನಡೆಯಿತು. ಡಿಸೆಂಬರ್ ತಿಂಗಳಲ್ಲಿ ಪ್ರಧಾನಿ ಟೋನಿ ಬ್ಲೇರ್ ಅವರನ್ನೇ, ಆರೋಪಿಯಾಗಿ ಅಲ್ಲ, ಸಾಕ್ಷಿಯಾಗಿ, ಪೊಲೀಸರು ಪ್ರಶ್ನಿಸಿದರು. ಅಧಿಕಾರದಲ್ಲಿರುವ ಬ್ರಿಟಿಷ್ ಪ್ರಧಾನಿಗೆ ಅಪರಾಧ ತನಿಖೆಯೊಂದರಲ್ಲಿ ಹಾಗಾದದ್ದು ಅದೇ ಮೊದಲು. 2007ರ ಜುಲೈ 20ರಂದು ಕ್ರೌನ್ ಪ್ರಾಸಿಕ್ಯೂಷನ್ ಸರ್ವಿಸ್ ತನ್ನ ತೀರ್ಮಾನ ಹೇಳಿತು: ಯಾರ ಮೇಲೂ ಮೊಕದ್ದಮೆ ಇಲ್ಲ.

'ದೊಡ್ಡವರು ಪಾರಾದರು' ಎಂದು ಆಗ ಬಹಳ ಜನ ಗೊಣಗಿದರು. ನಾನು ಹಾಗೆನ್ನಲಾರೆ. ಇದ್ದ ಕಾನೂನಿನ ಪ್ರಕಾರ ಆ ತೀರ್ಮಾನ ಸರಿಯಾದದ್ದೇ. ಒಬ್ಬ ಹಣ ಕೊಟ್ಟ, ಆಮೇಲೆ ಅವನಿಗೆ ಬಿರುದು ಬಂತು ಎಂದಷ್ಟೇ ತೋರಿಸಿದರೆ ಸಾಲದು. 'ನೀನು ಇಷ್ಟು ಕೊಡು, ನಾನು ಇದನ್ನು ಕೊಡಿಸುತ್ತೇನೆ' ಎಂಬ ಒಪ್ಪಂದ ಇಬ್ಬರ ನಡುವೆ ಆಗಿತ್ತೆಂದು ಸಾಬೀತಾಗಬೇಕು. ಬುದ್ಧಿಯಿದ್ದವರು ಯಾರು ಹಾಗೆ ಮಾತನಾಡುತ್ತಾರೆ? ಒಂದು ಔತಣ, ಒಂದು ಕೈಕುಲುಕು, 'ತಮ್ಮಂಥವರ ಸೇವೆಯನ್ನು ದೇಶ ಮರೆಯದು' ಎಂಬೊಂದು ಒಣಮಾತು ಸಾಕು. ಅಂಗಡಿಯ ಸಾಮಾನಿಗೆ ರಸೀದಿಯುಂಟು, ಇದಕ್ಕಿಲ್ಲ. ಕಾನೂನು ಹುಡುಕುವುದು ಆ ರಸೀದಿಯನ್ನೇ.

ಈ ಕಾನೂನು ಹೀಗೇಕಾಯಿತು ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಮಾಜ ವಿಜ್ಞಾನದ ಮೇಷ್ಟರಿಗೆ ಹಿಂದಕ್ಕೆ ಹೋಗುವ ಚಾಳಿ ನಿವೃತ್ತಿಯ ಮೇಲೂ ಬಿಡದು, ಓದುಗರು ಸೈರಿಸಿಕೊಳ್ಳಬೇಕು.

ಬಿರುದು ಮಾರುವುದು ಇಂಗ್ಲೆಂಡಿಗೆ ಹೊಸದಲ್ಲ. 1611ರಲ್ಲಿ ಒಂದನೆಯ ಜೇಮ್ಸ್ ದೊರೆ 'ಬ್ಯಾರೊನೆಟ್' ಎಂಬ ಹೊಸ ದರ್ಜೆಯನ್ನೇ ಹುಟ್ಟುಹಾಕಿ, ಅದಕ್ಕೆ 1,095 ಪೌಂಡು ಬೆಲೆ ಕಟ್ಟಿದ. ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದಲ್ಲಿ ಮೂವತ್ತು ಸೈನಿಕರನ್ನು ಮೂರು ವರ್ಷ ಸಾಕುವ ಖರ್ಚು ಅದು. ನನಗೆ ಜೇಮ್ಸ್ ದೊರೆಯ ಬಗ್ಗೆ ಒಂದು ಬಗೆಯ ಗೌರವವಿದೆ. ಆತ ಬೆಲೆಯನ್ನು ಬಹಿರಂಗವಾಗಿ ಹೇಳಿದ, ಹಣ ಯಾವುದಕ್ಕೆಂದೂ ಹೇಳಿದ. ಸೇವೆಯ ಸೋಗು ಹಾಕಲಿಲ್ಲ.

ಸೋಗಿನ ಯುಗ ಪರಾಕಾಷ್ಠೆಗೆ ಹೋದದ್ದು ಲಾಯ್ಡ್ ಜಾರ್ಜ್ ಪ್ರಧಾನಿಯಾಗಿದ್ದ 1916ರಿಂದ 1922ರವರೆಗಿನ ಅವಧಿಯಲ್ಲಿ. ಲಿಬರಲ್ ಪಕ್ಷ ಒಡೆದು ಹೋಳಾಗಿತ್ತು. ಪಕ್ಷದ ಹಣ ಎದುರು ಬಣದ ಕೈಯಲ್ಲಿತ್ತು. ಇವರಿಗೆ ಸ್ವಂತ ನಿಧಿ ಬೇಕಾಗಿತ್ತು. ಆಗ ಮುಂದೆ ಬಂದವನು ಮಾಂಡಿ ಗ್ರೆಗರಿ ಎಂಬ ದಲ್ಲಾಳಿ. ಪಾರ್ಲಿಮೆಂಟ್ ಭವನದ ಸಮೀಪದಲ್ಲೇ ಆತನ ಠಾಕುಠೀಕಾದ ಕಚೇರಿ. ನೈಟ್ ಪದವಿಗೆ ಸುಮಾರು 10,000 ಪೌಂಡು, ಬ್ಯಾರೊನೆಟ್‌ಗೆ 40,000ದವರೆಗೆ, ಲಾರ್ಡ್ ಪದವಿಗೆ 50,000 ಮತ್ತು ಅದಕ್ಕೂ ಮೇಲೆ. ಹೀಗೆ ದರಗಳು ಲಂಡನ್ನಿನ ಕ್ಲಬ್ಬುಗಳಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದವು.

1922ರ ಜೂನ್ ತಿಂಗಳಿನಲ್ಲಿ ಪಾಪದ ಕೊಡ ತುಂಬಿತು. ದೊರೆಯ ಜನ್ಮದಿನದ ಗೌರವಪಟ್ಟಿಯಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಒಡೆಯ ಸರ್ ಜೋಸೆಫ್ ರಾಬಿನ್‌ಸನ್ ಎಂಬಾತನ ಹೆಸರು ಲಾರ್ಡ್ ಪದವಿಗೆ ಬಂದಿತ್ತು. ಯಾವ ಬ್ಯಾಂಕಿನ ಅಧ್ಯಕ್ಷನೆಂದು ಅವನನ್ನು ಹೊಗಳಲಾಗಿತ್ತೋ ಆ ಬ್ಯಾಂಕು ಎಷ್ಟೋ ವರ್ಷಗಳ ಹಿಂದೆಯೇ ಮುಚ್ಚಿಹೋಗಿತ್ತು. ಅದಕ್ಕಿಂತ ಮಿಗಿಲಾಗಿ, ತನ್ನದೇ ಕಂಪನಿಯ ಷೇರುದಾರರನ್ನು ವಂಚಿಸಿದನೆಂದು ಅಲ್ಲಿನ ನ್ಯಾಯಾಲಯ ಅವನಿಂದ ಸುಮಾರು ಐದು ಲಕ್ಷ ಪೌಂಡು ಕಕ್ಕಿಸಿತ್ತು. ಲಂಡನ್ನಿನ ಪ್ರಿವಿ ಕೌನ್ಸಿಲ್ ಅವನ ಮೇಲ್ಮನವಿಯನ್ನು ಪಟ್ಟಿ ಹೊರಬೀಳುವ ಕೆಲವೇ ತಿಂಗಳ ಹಿಂದೆ ತಳ್ಳಿಹಾಕಿತ್ತು. ಐದನೆಯ ಜಾರ್ಜ್ ದೊರೆಗೇ ಇದು ಅವಮಾನವೆನಿಸಿ ಪ್ರಧಾನಿಗೆ ಪತ್ರ ಬರೆದರು. ಪದವಿ ಬೇಡವೆಂದು ರಾಬಿನ್‌ಸನ್ನನಿಂದ ಬರೆಸಿಕೊಳ್ಳಲು ಹೋದವನನ್ನು ಕಂಡು, ಕಿವಿ ಮಂದವಾಗಿದ್ದ ಆ ಮುದುಕ 'ಇನ್ನೂ ಎಷ್ಟು ಬೇಕು?' ಎಂದು ಚೆಕ್ಕುಪುಸ್ತಕಕ್ಕೆ ಕೈ ಹಾಕಿದನೆಂದು ಒಂದು ಕಥೆಯಿದೆ. ಕಥೆ ನಿಜವೋ ಕಟ್ಟಿದ್ದೋ, ಆ ಕಾಲಕ್ಕೆ ಅದನ್ನು ಯಾರೂ ಅಸಂಭವವೆನ್ನಲಿಲ್ಲ.

ವಿಚಾರಣಾ ಆಯೋಗ ಕೂತಿತು, 1925ರಲ್ಲಿ ಕಾಯಿದೆಯಾಯಿತು. ಬಿರುದು ಕೊಡಿಸಲು ಹಣ ಪಡೆಯುವುದೂ ಕೊಡುವುದೂ ಅಪರಾಧ, ಎರಡು ವರ್ಷದವರೆಗೆ ಸೆರೆವಾಸ. ಗ್ರೆಗರಿ ಅದಕ್ಕೂ ಜಗ್ಗಲಿಲ್ಲ. ಆಗ ಕನ್ಸರ್ವೇಟಿವ್ ಪಕ್ಷದ ಜೆ.ಸಿ.ಸಿ. ಡೇವಿಡ್‌ಸನ್ ಹೂಡಿದ ತಂತ್ರವನ್ನು ಮೆಚ್ಚಬೇಕು: ಗ್ರೆಗರಿಯ ಬಳಗದೊಳಕ್ಕೆ ತಮ್ಮವನೊಬ್ಬನನ್ನು ನುಗ್ಗಿಸಿ, ಅವನ ಗಿರಾಕಿಗಳ ಪಟ್ಟಿಯನ್ನು ಪಡೆದು, ಅವರಲ್ಲಿ ಯಾರಿಗೂ ಬಿರುದು ಸಿಗದಂತೆ ನೋಡಿಕೊಂಡರು. ಹಣ ಕೊಟ್ಟವರು ವಾಪಸು ಕೇಳತೊಡಗಿದರು. ಸಾಲದಲ್ಲಿ ಮುಳುಗಿದ ಗ್ರೆಗರಿ ಹತಾಶನಾಗಿ 10,000 ಪೌಂಡಿಗೆ ನೈಟ್ ಪದವಿಯನ್ನು ನಿವೃತ್ತ ನೌಕಾಧಿಕಾರಿಯೊಬ್ಬರಿಗೆ ಮಾರಲು ಹೋಗಿ ಸಿಕ್ಕಿಬಿದ್ದ. 1933ರಲ್ಲಿ ಎರಡು ತಿಂಗಳ ಸೆರೆ, 50 ಪೌಂಡು ದಂಡ. ಬಿಡುಗಡೆಯಾದ ಮೇಲೆ ಫ್ರಾನ್ಸಿಗೆ ಹೋಗಿ ನೆಲೆಸಿದ. ಬಾಯಿ ಮುಚ್ಚಿಕೊಂಡಿರಲು ಅವನಿಗೆ ವರ್ಷಾಶನ ಗೊತ್ತುಮಾಡಲಾಗಿತ್ತೆಂದು ಇತಿಹಾಸಕಾರರು ಬರೆಯುತ್ತಾರೆ.

ಆ ಕಾಯಿದೆಯಡಿ ಶಿಕ್ಷೆಯಾದವನು ಅವನೊಬ್ಬನೇ. ಅವನಿಗೆ ಮುಂಚೆಯೂ ಇಲ್ಲ, ಅನಂತರವೂ ಇಲ್ಲ. ಕೊಂಡವನಿಗಾಗಲಿ, ಹಣ ಬಂದು ಸೇರಿದ ಪಕ್ಷಕ್ಕಾಗಲಿ ಏನೂ ಆಗಲಿಲ್ಲ. ಸಂತೆ ನಡೆಸಿದವರು ಮನೆಗೆ ಹೋದರು, ತಕ್ಕಡಿ ಹಿಡಿದವನು ಜೈಲಿಗೆ ಹೋದ.

ಫ್ರಾನ್ಸಿನಲ್ಲಿ ಇದಕ್ಕೂ ಮುಂಚೆ, 1887ರಲ್ಲಿ, ಇಂಥದೇ ಹಗರಣ ನಡೆದಿತ್ತು. ಅಧ್ಯಕ್ಷ ಜೂಲ್ ಗ್ರೇವಿಯ ಅಳಿಯ ಡೇನಿಯಲ್ ವಿಲ್ಸನ್ ಮಾವನ ಅರಮನೆಯಲ್ಲೇ ಕೂತು 'ಲೀಜನ್ ಆಫ್ ಆನರ್' ಪದಕಗಳ ವ್ಯಾಪಾರ ನಡೆಸಿದ. ತನ್ನ ಸ್ವಂತ ಕಾಗದಗಳನ್ನು ಅಧ್ಯಕ್ಷರ ಉಚಿತ ಅಂಚೆಯಲ್ಲೇ ಕಳಿಸುತ್ತಿದ್ದನೆಂಬುದು ಇನ್ನೊಂದು ಆರೋಪ. ನಮ್ಮ 'ಅಳಿಯ ಮನೆ ತೊಳೆಯ' ಎಂಬ ಗಾದೆ ಪ್ಯಾರಿಸ್ಸಿನವರಿಗೆ ಗೊತ್ತಿದ್ದರೆ ಬಹಳ ಉಪಯೋಗಕ್ಕೆ ಬರುತ್ತಿತ್ತು. ಮಾವ ಡಿಸೆಂಬರ್ 2ರಂದು ರಾಜೀನಾಮೆ ಕೊಡಬೇಕಾಯಿತು. ಅಳಿಯನಿಗೆ ಕೆಳಗಿನ ನ್ಯಾಯಾಲಯ ವಿಧಿಸಿದ ಎರಡು ವರ್ಷದ ಶಿಕ್ಷೆ ಮೇಲಿನ ನ್ಯಾಯಾಲಯದಲ್ಲಿ ರದ್ದಾಯಿತು, ಏಕೆಂದರೆ ಪ್ರಭಾವ ಮಾರುವುದು ಅಪರಾಧವೆಂದು ಹೇಳುವ ಕಾನೂನೇ ಅಲ್ಲಿರಲಿಲ್ಲ! 1889ರಲ್ಲಿ ಹೊಸ ಕಾನೂನು ಮಾಡಿಕೊಂಡರು.

ಇನ್ನು ಎದುರುವಾದಕ್ಕೆ ಬರೋಣ, ಅದು ಬಲವಾದದ್ದೇ. ಲಾಯ್ಡ್ ಜಾರ್ಜ್ ಖಾಸಗಿಯಾಗಿ ತನ್ನನ್ನು ಸಮರ್ಥಿಸಿಕೊಂಡ ರೀತಿಯನ್ನು ಅದೇ ಡೇವಿಡ್‌ಸನ್ ಬರೆದಿಟ್ಟಿದ್ದಾರೆ. ಪಕ್ಷ ನಡೆಸಲು ಹಣ ಬೇಕೇ ಬೇಕು. ಅಮೆರಿಕದಲ್ಲಿ ದುಡ್ಡು ಕೊಟ್ಟ ಕಂಪನಿಗಳು ಪಕ್ಷದ ನೀತಿಯನ್ನೇ ಕೈವಶ ಮಾಡಿಕೊಳ್ಳುತ್ತವೆ, ಸಮಾಜವಾದಿ ಪಕ್ಷ ಕಾರ್ಮಿಕ ಸಂಘಗಳ ಮಾತಿಗೆ ಕಟ್ಟುಬೀಳುತ್ತದೆ. ಬಿರುದು ಕೊಂಡವನಾದರೋ ಹೆಂಡತಿಯನ್ನು 'ಲೇಡಿ' ಎಂದು ಕರೆಸಿಕೊಂಡು ತೃಪ್ತನಾಗುತ್ತಾನೆ, ಮತ್ತೆ ಏನನ್ನೂ ಕೇಳುವುದಿಲ್ಲ. ಆದ್ದರಿಂದ ಇದೇ ಎಲ್ಲಕ್ಕಿಂತ ಶುಭ್ರವಾದ ದಾರಿ. ಇದು ಆ ವಾದದ ತಿರುಳು. ಸಿನಿಕತನವಿದ್ದರೂ ಇದರಲ್ಲಿ ಸತ್ಯದ ಅಂಶವಿಲ್ಲವೆನ್ನಲಾಗದು. ಬರಿಯ ಪದಕವಾಗಿದ್ದರೆ ನಾನೂ ಅರ್ಧ ಒಪ್ಪುತ್ತಿದ್ದೆನೇನೋ.

ಆದರೆ ಲಾರ್ಡ್ ಪದವಿ ಬರಿಯ ಪದಕವಲ್ಲ. ಅದು ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಒಂದು ಆಸನ. ಯಾವ ಮತದಾರನೂ ಕೊಡದ, ಯಾವ ಮತದಾರನೂ ಕಿತ್ತುಕೊಳ್ಳಲಾಗದ ಆಸನ. ಕಾಯಿದೆಗಳನ್ನು ತಿದ್ದುವ, ತಡಮಾಡುವ ಅಧಿಕಾರ ಅದರೊಡನೆ ಬರುತ್ತದೆ. ಶಿಕ್ಷಣದ ಮಸೂದೆ, ತೆರಿಗೆಯ ಚರ್ಚೆ, ಆಸ್ಪತ್ರೆಯ ಪ್ರಶ್ನೆ ಎಲ್ಲವೂ ಅವರ ಮುಂದೆ ಬರುತ್ತವೆ. ನೀತಿಯನ್ನು ಮಾರದಿರಲು ಬಿರುದು ಮಾರಿದೆ ಎಂಬ ಮಾತು ಇಲ್ಲಿ ಕುಸಿಯುತ್ತದೆ. ನೀತಿ ರೂಪಿಸುವವನ ಕುರ್ಚಿಯೇ ಮಾರಾಟವಾದ ಮೇಲೆ ಉಳಿದದ್ದೇನು?

ನಮ್ಮ ದೇಶದ ಮಟ್ಟಿಗೆ ಈ ಚರಿತ್ರೆಗೆ ಒಂದು ಕೊಂಡಿಯಿದೆ. ರಾವ್ ಸಾಹೇಬ್, ರಾವ್ ಬಹದ್ದೂರ್, ಖಾನ್ ಬಹದ್ದೂರ್ ಬಿರುದುಗಳು ಇದೇ ಬ್ರಿಟಿಷ್ ವ್ಯವಸ್ಥೆಯ ಕೊಂಬೆಗಳು. ಯುದ್ಧನಿಧಿಗೆ ಕೈಬಿಚ್ಚಿ ಕೊಟ್ಟು, ಕಲೆಕ್ಟರ ಸಾಹೇಬರ ಬಂಗಲೆಗೆ ಅಲೆದು ಪಡೆದವರೂ ಉಂಟು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಂಗಳೂರಿನ ದಂಡುಪ್ರದೇಶದಲ್ಲಿ ಆರ್.ಬಿ.ಎ.ಎನ್.ಎಂ. ಶಾಲೆಯ ಹೆಸರು ಕೇಳದವರು ಕಡಿಮೆ. ಆ ಮೊದಲೆರಡು ಅಕ್ಷರಗಳು 'ರಾಯ್ ಬಹದ್ದೂರ್' ಎಂಬುದರ ಸಂಕ್ಷೇಪ. ಬಡತನದಿಂದ ಮೇಲೆ ಬಂದ ವ್ಯಾಪಾರಿ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು 1873ರಲ್ಲಿ ಬಡಮಕ್ಕಳಿಗಾಗಿ ಶಾಲೆ ತೆರೆದರು. ಬಿರುದು ಆಮೇಲೆ ಬಂತು. ಶಾಲೆ ಇಂದಿಗೂ ಇದೆ. ಲಂಡನ್ನಿನ ಆ ಮುಖ್ಯೋಪಾಧ್ಯಾಯರು ವಿವರಿಸಿದ ಏರ್ಪಾಡಿನಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಬಿರುದು ಕಣ್ಣ ಮುಂದೆ ಮೊದಲು ನಿಂತಿತ್ತು, ಶಾಲೆ ಅದರ ಹಿಂದೆ.

ನಮ್ಮ ಸಂವಿಧಾನದ 18ನೆಯ ವಿಧಿ, ಸೈನಿಕ ಮತ್ತು ಶೈಕ್ಷಣಿಕ ವಿಶಿಷ್ಟತೆಗಳನ್ನು ಹೊರತುಪಡಿಸಿ, ಸರ್ಕಾರ ಯಾವ ಬಿರುದನ್ನೂ ಕೊಡಕೂಡದೆಂದು ಕಟ್ಟುಮಾಡಿತು. ಪದ್ಮ ಪ್ರಶಸ್ತಿಗಳು ಬಿರುದುಗಳಲ್ಲ, ಅವನ್ನು ಹೆಸರಿನ ಹಿಂದೆಮುಂದೆ ಅಂಟಿಸಿಕೊಳ್ಳಕೂಡದು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಆದರೂ ಆಹ್ವಾನಪತ್ರಿಕೆಗಳನ್ನು ನೋಡಿ! ನಾನು ನಿವೃತ್ತನಾದ ವರ್ಷ ಯಾವುದೋ ಒಂದು ಸಂಸ್ಥೆಯಿಂದ ದೂರವಾಣಿ ಕರೆ ಬಂದಿತ್ತು. 'ಸರ್, ತಮ್ಮನ್ನು ರಾಜ್ಯಮಟ್ಟದ ಶಿಕ್ಷಕ ರತ್ನ ಪ್ರಶಸ್ತಿಗೆ ಆಯ್ಕೆ ಮಾಡಿದ್ದೇವೆ. ಶಾಲು, ಹಾರ, ಪೇಟ, ಫಲಕ ಎಲ್ಲ ನಮ್ಮದೇ. ಸಭಾಂಗಣದ ಖರ್ಚಿಗೆ ಮಾತ್ರ ತಾವು ಏನಾದರೂ...' ಎಂದು ಆ ಕಡೆಯ ದನಿ ತಡೆದು ನಿಂತಿತು. ಮೊತ್ತವನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮನೆಯಾಕೆ ಮಾತ್ರ, 'ಪೇಟ ಎಷ್ಟಕ್ಕೆ ಅಂತಾದರೂ ಕೇಳಬೇಕಿತ್ತು, ಅಂಗಡಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತೆ' ಎಂದಳು.

ಇಲ್ಲಿ ನನ್ನ ವೃತ್ತಿಯ ಮಾತೊಂದನ್ನು ಹೇಳಲೇಬೇಕು. ಒಬ್ಬ ಹುಡುಗನ ಅಂಕಪಟ್ಟಿಯಲ್ಲಿ ದುಡ್ಡು ತೆಗೆದುಕೊಂಡು ಹತ್ತು ಅಂಕ ಸೇರಿಸಿದರೆ ಹಾಳಾಗುವುದು ಅವನೊಬ್ಬನ ಅಂಕಪಟ್ಟಿಯಲ್ಲ. ಆ ವರ್ಷ ಅದೇ ಮುದ್ರೆಯೊತ್ತಿಸಿಕೊಂಡು ಹೋದ, ಸೀಮೆಎಣ್ಣೆ ದೀಪದಲ್ಲಿ ಓದಿ ಪಾಸಾದ ಹುಡುಗಿಯ ಅಂಕಪಟ್ಟಿಯನ್ನೂ ಜನ ತಿರುಗಿಸಿ ಮುರುಗಿಸಿ ನೋಡುತ್ತಾರೆ. ಬ್ರಿಟನ್ನಿನಲ್ಲಿ ವರ್ಷಕ್ಕೆರಡು ಸಲ ಹೊರಡುವ ಗೌರವಪಟ್ಟಿಯಲ್ಲಿ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವವರು, ದಾದಿಯರು, ಮುಖ್ಯೋಪಾಧ್ಯಾಯರು, ಊರಿನ ಗ್ರಂಥಾಲಯ ನೋಡಿಕೊಳ್ಳುವವರು ಇರುತ್ತಾರೆ. ಕದ್ದದ್ದು ಇವರಿಂದ.

ಇದೆಲ್ಲ ಹಳೆಯ ಕಥೆ ಎನ್ನುವವರಿಗಾಗಿ ಇನ್ನೆರಡು ಮಾತು. ಹೆಸರು ಮುಚ್ಚಿಟ್ಟು ಸಾಲ ತರುವ ಸಂದನ್ನು 2006ರ ಕಾಯಿದೆ ಮುಚ್ಚಿತು, ನಿಜ. 2020ರ ಡಿಸೆಂಬರ್‌ನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಅವರು ತಮ್ಮ ಪಕ್ಷದ ಮಾಜಿ ಖಜಾಂಚಿ ಹಾಗೂ ದೊಡ್ಡ ದಾನಿ ಪೀಟರ್ ಕ್ರಡಸ್ ಅವರನ್ನು ಲಾರ್ಡ್ ಮಾಡಿದರು. ನೇಮಕಾತಿ ಆಯೋಗ ಬೇಡವೆಂದಿತ್ತು. ಪ್ರಧಾನಿಯೊಬ್ಬರು ಆ ಆಯೋಗದ ಸಲಹೆಯನ್ನು ಮೀರಿದ್ದು ಅದೇ ಮೊದಲು. ಆಯೋಗದ ಆಕ್ಷೇಪ ಹಳೆಯ ಸಂಗತಿಗಳಿಗೆ ಸಂಬಂಧಿಸಿದ್ದೆಂದು ಪ್ರಧಾನಿ ವಿವರಣೆ ಕೊಟ್ಟರು. 2021ರ ಫೆಬ್ರವರಿಯಲ್ಲಿ ಕ್ರಡಸ್ ಸಭೆ ಪ್ರವೇಶಿಸಿದ ಕೆಲವೇ ದಿನಗಳಲ್ಲಿ ಪಕ್ಷಕ್ಕೆ ಐದು ಲಕ್ಷ ಪೌಂಡು ಕೊಟ್ಟರು. ಎಲ್ಲವೂ ಬಹಿರಂಗ, ಎಲ್ಲವೂ ಕಾನೂನುಬದ್ಧ. ಯಾರ ಮೇಲೂ ಯಾವ ಆರೋಪವೂ ಸಾಬೀತಾಗಿಲ್ಲ. ಅದೇ ವರ್ಷದ ಕೊನೆಯಲ್ಲಿ 'ಸಂಡೆ ಟೈಮ್ಸ್' ಪತ್ರಿಕೆ, ಆ ಪಕ್ಷದ ಹಿಂದಿನ ಹದಿನಾರು ಮುಖ್ಯ ಖಜಾಂಚಿಗಳಲ್ಲಿ ಹದಿನೈದು ಮಂದಿಗೆ ಲಾರ್ಡ್ ಪದವಿ ದೊರೆತಿದೆ ಅಥವಾ ಕೊಡಲು ಮುಂದಾಗಲಾಗಿದೆ ಎಂದು ಎಣಿಸಿ ತೋರಿಸಿತು. ಗೌರವಕ್ಕೂ ಹಣಕ್ಕೂ ಸಂಬಂಧವಿಲ್ಲವೆಂದು ಪಕ್ಷ ಹೇಳಿತು. ಹತ್ತನೆಯ ತರಗತಿಯ ಹುಡುಗನೂ ಈ ಲೆಕ್ಕಕ್ಕೆ ತನ್ನದೇ ಉತ್ತರ ಬರೆದಾನು.

ಆದ್ದರಿಂದ ಒಪ್ಪಂದದ ರಸೀದಿಯನ್ನು ಹುಡುಕುವ ಕಾನೂನಿನಿಂದ ಪ್ರಯೋಜನವಿಲ್ಲ. ಬೇಕಾದದ್ದು ಸರಳವಾದ ಒಂದು ಅಡ್ಡಗೋಡೆ. ಇಂತಿಷ್ಟು ಮೊತ್ತಕ್ಕೆ ಮೇಲ್ಪಟ್ಟು ಪಕ್ಷಕ್ಕೆ ಹಣ ಕೊಟ್ಟವನು, ಸಾಲವೇ ಇರಲಿ ದಾನವೇ ಇರಲಿ, ಕೊಟ್ಟ ದಿನದಿಂದ ಹತ್ತು ವರ್ಷ ಆ ಪಕ್ಷದ ಕೈಯಿಂದ ಯಾವ ಬಿರುದನ್ನೂ ಪಡೆಯತಕ್ಕದ್ದಲ್ಲ. ಪಕ್ಷದ ಖಜಾಂಚಿಗೂ ಇದೇ ನಿಯಮ. ಯಾರ ಮನಸ್ಸಿನಲ್ಲಿ ಏನಿತ್ತೆಂದು ಪೊಲೀಸರು ಕೆದಕಬೇಕಾಗಿಲ್ಲ, 136 ಮಂದಿಯನ್ನು ವಿಚಾರಿಸಬೇಕಾಗಿಲ್ಲ. ಇದರಿಂದ ನಿಜವಾದ ಅರ್ಹರೊಬ್ಬರಿಗೆ ಅನ್ಯಾಯವಾಗುವುದಿಲ್ಲವೆ ಎಂದು ಕೇಳಬಹುದು. ಆದೀತು, ಗುಲಾಂ ನೂನ್‌ರಂಥವರಿಗೆ ಆದೀತು. ಆದರೆ ಹಣ ಕೊಡುವುದೂ ಬಿಡುವುದೂ ಅವರ ಕೈಯಲ್ಲೇ ಇದೆಯಲ್ಲ. ನೇಮಕಾತಿ ಆಯೋಗಕ್ಕೆ ಸಲಹೆ ಕೊಡುವ ಬಾಯಿಯಷ್ಟೇ ಅಲ್ಲ, ತಡೆಯುವ ಕೈಯೂ ಬೇಕು. ಅದನ್ನು ಪಾರ್ಲಿಮೆಂಟೇ ಕಾಯಿದೆಯ ಮೂಲಕ ಕೊಡಬೇಕು. ಪ್ರಧಾನಿಗಳು ತಾವಾಗಿ ಕೊಡುವರೆಂದು ನನಗೆ ನಂಬಿಕೆಯಿಲ್ಲ. ಎರಡೂ ಪಕ್ಷಗಳಿಗೆ ಮುಂದಿನ ಚುನಾವಣೆ ಇದ್ದೇ ಇದೆ, ಖರ್ಚೂ ಇದ್ದೇ ಇದೆ.